ನಾಟಿಕೋಳಿ ಸಾರಿಗೆ ಯಾವ ಕೆಂಪು ವೈನ್?

ಡಿಸೆಂಬರ್ ಬಂದರೆ ನನಗೆ ಒಂದೇ ಬಗೆಯ ಕರೆಗಳು ಶುರುವಾಗುತ್ತವೆ. ಕರೆ ಮಾಡಿದವರು ವೈನ್ ಅಂಗಡಿಯ ಕಪಾಟಿನ ಮುಂದೆ ನಿಂತಿರುತ್ತಾರೆ, ಹಿಂದಿನಿಂದ ಆಟೋಗಳ ಹಾರ್ನ್ ಕೇಳಿಸುತ್ತಿರುತ್ತದೆ. ‘ಭಾನುವಾರ ಭಾವ ಊಟಕ್ಕೆ ಬರುತ್ತಿದ್ದಾರೆ, ಒಂದು ಒಳ್ಳೆಯ ರೆಡ್ ವೈನ್ ಹೇಳು, ನಂಬಿಕಸ್ಥ ಮನೆತನದವರು ಮಾಡಿದ್ದಾಗಿರಲಿ.’ ಊಟಕ್ಕೆ ಏನು ಮಾಡುತ್ತೀರಿ ಎಂದು ನಾನು ಕೇಳುತ್ತೇನೆ. ಅಲ್ಲಿಗೆ ಅರ್ಧ ಜನಕ್ಕೆ ಸಿಟ್ಟು ಬರುತ್ತದೆ. ಬಾಟಲಿ ಕೇಳಿದರೆ ಅಡುಗೆ ಕೇಳುತ್ತಾನಲ್ಲ ಎಂದು.

ತಾಳ್ಮೆ ಇಲ್ಲದವರಿಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಂಪು ವೈನ್ ಅಭ್ಯಾಸವೇ ಇಲ್ಲದ ಮನೆಗೆ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ವೈನರಿಯ ಲಾ ರಿಸರ್ವ್. ಊಟದಲ್ಲಿ ಖಾರ, ಹುಣಸೆಹುಳಿ, ಟೊಮೆಟೊ ಇದ್ದರೆ ಸಂಜೊವೇಸೆ ದ್ರಾಕ್ಷಿಯದು. ಕೊಪ್ಪಳ ಜಿಲ್ಲೆಯ ಕ್ರಿಸ್ಮಾ ವೈನರಿಯದ್ದಾದರೆ ಬಹಳ ಒಳ್ಳೆಯದು, ಸಿಗದಿದ್ದರೆ ಮಹಾರಾಷ್ಟ್ರದ ಅಕ್ಲೂಜಿನ ಫ್ರಾಟೆಲ್ಲಿ ವೈನರಿಯದು. ಮೆಣಸು ಮುಂದಾಗಿರುವ ಮಾಂಸಕ್ಕೆ ಸಿರಾ ಎಂಬ ದ್ರಾಕ್ಷಿಯದು. ಯಾರಿಗಾದರೂ ಉಡುಗೊರೆ ಕೊಟ್ಟು ಮರ್ಯಾದೆ ಉಳಿಸಿಕೊಳ್ಳಬೇಕಿದ್ದರೆ ಕ್ರಿಸ್ಮಾದವರು ಕ್ಯಾಬರ್ನೆ ಸುವಿನ್ಯೋ ದ್ರಾಕ್ಷಿಯಿಂದ ಮಾಡಿದ್ದು. ಕಪಾಟಿನ ಮುಂದೆ ನಿಂತವರು ಇಲ್ಲಿಗೆ ಓದುವುದನ್ನು ನಿಲ್ಲಿಸಿ ದುಡ್ಡು ಕೊಡಬಹುದು. ಮನೆಯಲ್ಲಿ ಕುಳಿತು ಓದುತ್ತಿರುವವರಿಗೆ ಮುಂದಿನದು.

ಮನೆತನ ಎಂಬ ಮಾತು

ತುಪ್ಪ, ಬೆಲ್ಲ, ಕಾಫಿಪುಡಿಯ ವಿಷಯದಲ್ಲಿ ನಮಗೆ ಮನೆತನದ ಮೇಲೆ ನಂಬಿಕೆ. ಅಪ್ಪ ಹುರಿದ ಹದದಲ್ಲೇ ಮಗನೂ ಕಾಫಿಬೀಜ ಹುರಿಯುತ್ತಾನೆ ಎಂದುಕೊಳ್ಳುತ್ತೇವೆ. ಅದೇ ನಂಬಿಕೆಯನ್ನು ವೈನ್‌ಗೂ ಹೊರಿಸುತ್ತೇವೆ. ತಪ್ಪೇನಿಲ್ಲ, ಆದರೆ ಬಾಟಲಿಯ ಹಿಂದಿನ ಕಥೆ ಒಂದು ಕಾಲದ್ದು, ಇವತ್ತಿನ ಒಡೆತನ ಇನ್ನೊಂದು ಕಾಲದ್ದು ಆಗಿರಬಹುದು. ನಾಸಿಕದ ಯಾರ್ಕ್ ವೈನರಿಯನ್ನು ನೋಡಿ. ಇಂಗ್ಲೆಂಡಿನ ಊರಿಗೂ ಆ ಹೆಸರಿಗೂ ಸಂಬಂಧವಿಲ್ಲ. ಗುರ್ನಾನಿ ಕುಟುಂಬದ ಮೂವರು ಮಕ್ಕಳಾದ ಯೋಗಿತಾ, ರವಿ, ಕೈಲಾಶ್ ಅವರ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕಟ್ಟಿದ್ದು ಅದು. ಇದಕ್ಕಿಂತ ಅಪ್ಪಟ ಮನೆತನದ ಹೆಸರು ಇನ್ನೊಂದು ಬೇಕೇ? ಆದರೂ 2021ರಲ್ಲಿ ಅದು ನಾಸಿಕದ್ದೇ ದೊಡ್ಡ ವೈನ್ ಕಂಪನಿ ಸುಲಾದ ಪಾಲಾಯಿತು. ಆ ಸುಲಾ 2022ರ ಡಿಸೆಂಬರ್‌ನಲ್ಲಿ ಷೇರುಪೇಟೆಗೆ ಬಂತು. ಈಗ ಅದರಲ್ಲಿ ನಿಮ್ಮ ಪಕ್ಕದ ಮನೆಯವರಿಗೂ ನಾಲ್ಕು ಷೇರು ಇರಬಹುದು.

ಹೀಗಾಗಿ ನಾನು ಒಡೆತನದ ಕಾಗದ ಕೇಳುವುದಿಲ್ಲ. ದ್ರಾಕ್ಷಿ ಬೆಳೆದವರೂ ರಸ ಹಿಂಡಿದವರೂ ಒಬ್ಬರೇನಾ ಎಂದು ಕೇಳುತ್ತೇನೆ. ರೈತರಿಂದ ಹಣ್ಣು ಕೊಂಡು ವೈನ್ ಮಾಡುವುದು ಕೀಳಲ್ಲ, ನಾಸಿಕದಲ್ಲಿ ಆ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತದೆ. ಆದರೆ ತೋಟ ತನ್ನದೇ ಆದಾಗ ತಪ್ಪನ್ನು ಹೊರಿಸಲು ಬೇರೆಯವರು ಇರುವುದಿಲ್ಲ. ಹಣ್ಣು ಹದಕ್ಕೆ ಬರಲಿಲ್ಲ ಎಂದರೆ ಅದು ಮಾಲೀಕನ ಹಣ್ಣೇ.

ನಮ್ಮ ಕಡೆಯ ತೋಟದ ಕಷ್ಟವೂ ಬೇರೆ. ಯುರೋಪಿನಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಇಲ್ಲಿ ಮಲಗುವುದೇ ಇಲ್ಲ, ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಅದಕ್ಕೇ ವರ್ಷಕ್ಕೆ ಎರಡು ಸಲ ಕತ್ತರಿ. ವಿಜಯಪುರದ ಬೆಳೆಗಾರರು ಇದಕ್ಕೆ ಚಾಟ್ನಿ ಎನ್ನುತ್ತಾರೆ: ಏಪ್ರಿಲ್ ಚಾಟ್ನಿ ಕಡ್ಡಿ ಬಲಿಯುವುದಕ್ಕೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಎರಡನೆಯ ಚಾಟ್ನಿ ಒಂದು ವಾರ ಹೆಚ್ಚುಕಡಿಮೆಯಾದರೂ ಫೆಬ್ರುವರಿ–ಮಾರ್ಚ್‌ನ ಕೊಯ್ಲಿನಲ್ಲಿ ಅದು ಕಾಣುತ್ತದೆ. ಸಕ್ಕರೆ ಏರುವ ವೇಗಕ್ಕೆ ಸಿಪ್ಪೆ, ಬೀಜ ಮಾಗದಿದ್ದರೆ ವೈನ್‌ನಲ್ಲಿ ಅಮಲೂ ಹಸಿ ಒಗರೂ ಒಟ್ಟಿಗೆ ಬರುತ್ತವೆ. ಭಾರತದ ಕೆಂಪು ವೈನ್ ಬಗ್ಗೆ ಹಳಬರು ಮೂಗು ಮುರಿಯುತ್ತಿದ್ದುದು ಬಹುಪಾಲು ಇದಕ್ಕೇ. ಬಳ್ಳಿಗೆ ಹತ್ತು ಗೊಂಚಲು ಕಡಿಮೆ ಬಿಡಿಸಿ, ಹತ್ತು ದಿನ ಹೆಚ್ಚು ಕಾಯುವವರ ಬಾಟಲಿಯಲ್ಲಿ ಆ ದೂರು ಇರುವುದಿಲ್ಲ. ಕಾಯುವ ತಾಳ್ಮೆಗೆ ದುಡ್ಡು ಬೇಕು, ಹಟವೂ ಬೇಕು.

ನಂದಿಯ ತಪ್ಪಲು

ಬೆಂಗಳೂರಿಗರಿಗೆ ಕೆಂಪು ವೈನ್ ಎಂದರೆ ಮೊದಲು ನೆನಪಾಗುವುದು ಗ್ರೋವರ್. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಫ್ರಾನ್ಸಿನ ವೈನ್ ಮೇಲಿನ ಮೋಹಕ್ಕೆ ಬಿದ್ದು, ಅಲ್ಲಿನ ಬಳ್ಳಿಗಳು ಈ ದೇಶದಲ್ಲಿ ಎಲ್ಲಿ ಒಗ್ಗುತ್ತವೆ ಎಂದು ವರ್ಷಗಟ್ಟಲೆ ಹುಡುಕಿ, 1988ರಲ್ಲಿ ನೆಲೆ ನಿಂತದ್ದು ದೊಡ್ಡಬಳ್ಳಾಪುರದ ಹತ್ತಿರ. ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಮೊದಲಿಗೆ ಸಲಹೆಗಾರ, ಆಮೇಲೆ ಬೋರ್ಡೊದ ಮಿಶೆಲ್ ರೊಲಾಂ. ಮಗ ಕಪಿಲ್, ಮೊಮ್ಮಗಳು ಕರಿಷ್ಮಾ ಎಂದು ಮೂರು ತಲೆಮಾರು ದಾಟಿತು. 2012ರಲ್ಲಿ ನಾಸಿಕದ ವ್ಯಾಲೆ ದ ವ್ಯಾಂ ಎಂಬ ವೈನರಿಯ ಜೊತೆ ಕೂಡಿ ಗ್ರೋವರ್ ಜಂಪಾ ಆಯಿತು, ಹೊರಗಿನ ಬಂಡವಾಳವೂ ಬಂತು. ಇವತ್ತು ಅದನ್ನು ಒಂದೇ ಮನೆಯ ವೈನರಿ ಎಂದರೆ ಸುಳ್ಳಾಗುತ್ತದೆ. ಆದರೆ ಆ ಮನೆಯವರು ಆರಿಸಿದ ನೆಲ ಅಲ್ಲೇ ಇದೆ.

ಲಾ ರಿಸರ್ವ್ ಆ ನೆಲದ್ದು. ಕ್ಯಾಬರ್ನೆ ಸುವಿನ್ಯೋ ಮತ್ತು ಶಿರಾಜ್ ದ್ರಾಕ್ಷಿಗಳ ಬೆರಕೆ, ಫ್ರೆಂಚ್ ಓಕ್ ಪೀಪಾಯಿಯಲ್ಲಿ ಮಾಗಿದ್ದು. ಲೋಟಕ್ಕೆ ಸುರಿದರೆ ಬಲಿತ ನೇರಳೆಹಣ್ಣಿನ ಬಣ್ಣ, ಅಂಚಿನಲ್ಲಿ ಸ್ವಲ್ಪ ಇಟ್ಟಿಗೆಯ ಕೆಂಪು. ಮೊದಲ ವಾಸನೆ ಪೀಪಾಯಿಯದು. ಸುಟ್ಟ ತೆಂಗಿನ ಚಿಪ್ಪು, ಒಂದು ಎಳೆ ಲವಂಗ. ಐದು ನಿಮಿಷ ಬಿಟ್ಟರೆ ಹಣ್ಣು ಮುಂದೆ ಬರುತ್ತದೆ. ಒಗರು ಇದೆ, ಗದರಿಸುವುದಿಲ್ಲ. ಹೊಸಬರಿಗೆ ನಾನು ಇದನ್ನೇ ಹೇಳುವುದಕ್ಕೆ ಕಾರಣ ಅದು. ಯಾವ ದಿಕ್ಕಿಗೂ ಅತಿಯಾಗಿ ವಾಲದ ವೈನ್ ಇದು, ಮದುವೆಯ ಮನೆಯಲ್ಲಿ ಎರಡೂ ಕಡೆಯವರ ಜೊತೆ ಹೊಂದಿಕೊಳ್ಳುವ ಹಿರಿಯರ ಹಾಗೆ. ಎಲ್ಲ ಅಂಗಡಿಯಲ್ಲೂ ಸಿಗುತ್ತದೆ ಎಂಬುದೂ ಸಣ್ಣ ಮಾತಲ್ಲ. ಬೇಗ ಖರ್ಚಾಗುವ ಬಾಟಲಿ ಕಪಾಟಿನಲ್ಲಿ ಬೇಯುವುದಿಲ್ಲ.

ಅದೇ ಮನೆಯ ದುಬಾರಿ ಶೆನ್ ಕೂಡ ಇದೆ, ಟೆಂಪ್ರಾನಿಯೊ ಮತ್ತು ಶಿರಾಜ್ ದ್ರಾಕ್ಷಿಯದು. ದೊಡ್ಡ ಮೈಯ, ಅಂದರೆ ಬಾಯಿ ತುಂಬುವ ವೈನ್. ಕುರಿಮರಿಯ ಕಾಲು ಬೇಯಿಸಿದ ದಿನ ಸರಿ, ಬೇರೆ ದಿನ ಅದು ಊಟವನ್ನು ಮೂಲೆಗೆ ತಳ್ಳುತ್ತದೆ. ಲಾ ರಿಸರ್ವ್‌ಗೆ ಕೊಟ್ಟ ಹಣಕ್ಕಿಂತ ಹೆಚ್ಚು ಕೊಟ್ಟು ನನಗೆ ಹೆಚ್ಚು ಸುಖ ಸಿಕ್ಕಿದ್ದು ಕಡಿಮೆ ಸಲ.

ರಘುನಾಥಪುರದ ಈ ತೋಟಕ್ಕೆ ಬೆಂಗಳೂರಿನಿಂದ ಒಂದು ಬೆಳಗ್ಗೆ ಹೋಗಿ ಸಂಜೆಯೊಳಗೆ ಬರಬಹುದು. ಫೆಬ್ರುವರಿಯಲ್ಲಿ ಹೋದರೆ ಬಳ್ಳಿಯ ಮೇಲಿನ ಕ್ಯಾಬರ್ನೆ ಹಣ್ಣನ್ನು ಕಣ್ಣಾರೆ ನೋಡಬಹುದು. ಬಟಾಣಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಸಿಪ್ಪೆ ದಪ್ಪ, ಒಳಗೆ ಬೀಜವೇ ಜಾಸ್ತಿ. ಹಣ್ಣಿನಂಗಡಿಯ ದ್ರಾಕ್ಷಿ ಕಂಡವರಿಗೆ ಇದೇನು ಕಾಡುಹಣ್ಣು ಅನ್ನಿಸುತ್ತದೆ. ಆ ದಪ್ಪ ಸಿಪ್ಪೆಯೇ ಬಣ್ಣ, ಆ ಬೀಜ ಸಿಪ್ಪೆಗಳೇ ಒಗರು.

ಹಂಪಿಯ ಕಡೆಯ ಗಂಡ ಹೆಂಡತಿ

ಈಗಲೂ ಒಂದೇ ಮನೆಯ ಕೈಯಲ್ಲಿರುವ ಕರ್ನಾಟಕದ ವೈನ್ ಬೇಕು ಎಂದು ಹಟ ಹಿಡಿದವರನ್ನು ನಾನು ಕ್ರಿಸ್ಮಾಗೆ ಕಳಿಸುತ್ತೇನೆ. ಹೈದರಾಬಾದಿನಲ್ಲಿ ಗ್ರಾನ್ಯೂಲ್ಸ್ ಎಂಬ ಔಷಧ ಕಂಪನಿ ಕಟ್ಟಿದ ಕೃಷ್ಣಪ್ರಸಾದ್ ಚಿಗುರುಪಾಟಿ ಮತ್ತು ಅವರ ಪತ್ನಿ ಉಮಾ ಅವರ ಹೆಸರುಗಳನ್ನು ಬೆಸೆದರೆ ಈ ಹೆಸರು. ಇಬ್ಬರೂ ಏಳು ಖಂಡಗಳಲ್ಲಿ ಮ್ಯಾರಥಾನ್ ಓಡಿದವರು. ಮನೆಯಲ್ಲಿ ಹವ್ಯಾಸಕ್ಕೆ ವೈನ್ ಮಾಡುತ್ತಾ ಶುರುಮಾಡಿ, ಕೊಪ್ಪಳ ಜಿಲ್ಲೆಯ ಹಂಪಿ ಸೀಮೆಯ ಕೆಂಪು ನೆಲಕ್ಕೆ ಬಂದರು. ಸುತ್ತಲೂ ಬಂಡೆಗುಡ್ಡ, ಹಗಲು ಸುಡುಬಿಸಿಲು, ಮಳೆ ಕಡಿಮೆ. ತಾವು ಬೆಳೆದ ಹಣ್ಣಿನಿಂದಲೇ ಮಾಡುತ್ತಾರೆ, ಆದ್ದರಿಂದ ಬಾಟಲಿಗಳೂ ಕಡಿಮೆ. ಬೆಂಗಳೂರಿನ ಎಲ್ಲ ಅಂಗಡಿಯಲ್ಲಿ ಕಾಣುವುದಿಲ್ಲ, ಕೇಳಿ ತರಿಸಬೇಕಾಗುತ್ತದೆ.

ಇವರ ಕ್ಯಾಬರ್ನೆಗೆ ಹೆಸರು ಹೆಚ್ಚು, ಬೆಲೆಯೂ ಹೆಚ್ಚು. ಕಪ್ಪು ದ್ರಾಕ್ಷಿಯ ಸಿಪ್ಪೆ, ಒಣ ತಂಬಾಕಿನೆಲೆ, ಸೀಸದಕಡ್ಡಿ ಕೆತ್ತಿದಾಗಿನ ವಾಸನೆ. ಮೈ ತುಂಬಿಕೊಂಡಿದೆ. ಅವಸರಕ್ಕೆ ಆಗಿಬರುವ ವೈನ್ ಅಲ್ಲ ಇದು. ಊಟಕ್ಕೆ ಒಂದು ಗಂಟೆ ಮೊದಲೇ ಅಗಲಬಾಯಿಯ ಹೂಜಿಗೆ ಸುರಿದಿಟ್ಟರೆ ಮಾತ್ರ ಬಾಯಿ ಬಿಡುತ್ತದೆ. ಉಡುಗೊರೆಗೆ ಇದನ್ನೇ ಹೇಳುತ್ತೇನೆ, ಏಕೆಂದರೆ ಪಡೆದವರು ಎರಡು ಮೂರು ವರ್ಷ ಇಟ್ಟುಕೊಂಡರೂ ನಷ್ಟವಿಲ್ಲ.

ನನ್ನ ಮನಸ್ಸು ಇರುವುದು ಅವರ ಸಂಜೊವೇಸೆಯ ಮೇಲೆ. ಇದು ಇಟಲಿಯ ಟಸ್ಕನಿಯ ದ್ರಾಕ್ಷಿ, ಕಿಯಾಂತಿ ವೈನ್‌ನ ಬೆನ್ನೆಲುಬು. ಬಣ್ಣ ತೆಳು, ಲೋಟದ ಆಚೆಯ ಬೆರಳು ಕಾಣುತ್ತದೆ. ಅದನ್ನು ನೋಡಿ ‘ನೀರು ಬೆರೆಸಿದ್ದಾರೆ’ ಎಂದವರೂ ಇದ್ದಾರೆ. ಬಾಯಿಗೆ ಹಾಕಿಕೊಂಡರೆ ಹುಳಿಚೆರ್ರಿ, ಬಿಸಿಲಲ್ಲಿ ಒಣಗಿದ ಟೊಮೆಟೊ, ಜೊಲ್ಲು ಸುರಿಸುವ ಹುಳಿ. ಈ ಹುಳಿಯೇ ನಮ್ಮ ಊಟಕ್ಕೆ ಬೇಕಾದದ್ದು ಎಂಬುದು ನನಗೆ ತಿಳಿದದ್ದು ಒಂದು ಅನಾಹುತದಿಂದ.

ಒಗರು ಮತ್ತು ಖಾರ

ಕೆಲವು ವರ್ಷದ ಹಿಂದೆ ಮನೆಯಲ್ಲಿ ನಾಟಿಕೋಳಿ ಸಾರು, ರಾಗಿಮುದ್ದೆ. ಮಂಡ್ಯದ ಕಡೆಯ ಸಾರು; ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ, ಹುರಿದ ಕೊತ್ತಂಬರಿಬೀಜ, ಗಸಗಸೆ, ತೆಂಗಿನಕಾಯಿ. ನಾನು ಜಂಬದಿಂದ ಒಂದು ಗಟ್ಟಿ ಕ್ಯಾಬರ್ನೆ ತೆರೆದೆ. ಭಾವಮೈದ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನುಂಗಿದ, ಖಾರ ನೆತ್ತಿಗೇರಿತು, ತಣ್ಣಗಾಗಲೆಂದು ವೈನ್ ಗುಟುಕರಿಸಿದ. ಅವನ ಮುಖ ನೋಡಬೇಕಿತ್ತು. ಉರಿಯುತ್ತಿರುವ ನಾಲಿಗೆಯ ಮೇಲೆ ಮರಳುಕಾಗದ ಉಜ್ಜಿದಂತಾಯಿತು ಎಂದ. ಆಮೇಲೆ ಅವನು ಮಜ್ಜಿಗೆ ಕುಡಿದ, ನಾನು ಇಡೀ ಬಾಟಲಿಯ ಮುಂದೆ ಒಬ್ಬನೇ ಉಳಿದೆ.

ತಪ್ಪು ವೈನ್‌ನದಲ್ಲ. ಒಗರು ಎಂದರೆ ನಮಗೆ ಹೊಸದಲ್ಲ. ಬಾಳೆಕಾಯಿ, ಅಡಿಕೆ, ನೇರಳೆಹಣ್ಣು, ಡಿಕಾಕ್ಷನ್ ಹೆಚ್ಚಾದ ಚಹಾ, ಎಲ್ಲದರಲ್ಲೂ ಅದೇ. ಇಂಗ್ಲಿಷಿನಲ್ಲಿ ಟ್ಯಾನಿನ್ ಎಂದು ದೊಡ್ಡದಾಗಿ ಹೇಳುವುದನ್ನು ನಮ್ಮ ಅಜ್ಜಿಯರು ಷಡ್ರಸದಲ್ಲಿ ಆಗಲೇ ಎಣಿಸಿಟ್ಟಿದ್ದರು. ಒಗರು ಮಾಡುವುದೇನೆಂದರೆ ಎಂಜಲಿನ ಜಾರುಗುಣವನ್ನು ಕಸಿದುಕೊಂಡು ಬಾಯಿಯನ್ನು ಒಣಗಿಸುವುದು. ಖಾರದಿಂದ ಕೆರಳಿದ ಬಾಯಿಗೆ ಇದು ಇನ್ನೊಂದು ಪೆಟ್ಟು. ಜೊತೆಗೆ ಶೇಕಡಾ 13–14ರ ಆಲ್ಕೋಹಾಲ್ ಉರಿಯನ್ನು ಇನ್ನೂ ಎತ್ತಿ ತೋರಿಸುತ್ತದೆ. ಕೊಬ್ಬು ಇದ್ದರೆ ಕಥೆ ಬೇರೆ. ಎಲುಬಿನ ಮಜ್ಜೆ, ಕುರಿಯ ಕೊಬ್ಬು, ಗಟ್ಟಿ ಚೀಸ್ ಒಗರನ್ನು ಹೀರಿಕೊಂಡು ಮೆತ್ತಗೆ ಮಾಡುತ್ತವೆ. ತೆಳು ಸಾರಿನಲ್ಲಿ ಆ ರಕ್ಷಣೆ ಇಲ್ಲ.

ಮುಂದಿನ ತಿಂಗಳು ಅದೇ ಸಾರಿಗೆ ಸಂಜೊವೇಸೆ ಇಟ್ಟೆ, ಸ್ವಲ್ಪ ಹೆಚ್ಚೇ ತಣ್ಣಗೆ ಮಾಡಿ. ಭಾವಮೈದ ಅನುಮಾನದಿಂದ ಮೂಸಿದ. ಕುಡಿದ. ಏನೂ ಹೇಳದೆ ಲೋಟ ಮುಂದೆ ಚಾಚಿದ. ಹುಳಿ ಬಾಯಿಯಲ್ಲಿ ನೀರೂರಿಸುತ್ತದೆ, ಆ ನೀರು ಬಾಯಿಯನ್ನು ಒಣಗಲು ಬಿಡುವುದಿಲ್ಲ. ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳುವವರು ಮಾಡುವುದೂ ಅದನ್ನೇ.

ಇಲ್ಲಿ ಫ್ರಾಟೆಲ್ಲಿಯನ್ನು ತರಬೇಕು. ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್ ನಮ್ಮ ವಿಜಯಪುರದ ಗಡಿಗೆ ದೂರವಲ್ಲ, ಅದೇ ಬಯಲುಸೀಮೆಯ ಬಿಸಿಲು. ಇಟಲಿ ಭಾಷೆಯಲ್ಲಿ ಫ್ರಾಟೆಲ್ಲಿ ಎಂದರೆ ಅಣ್ಣತಮ್ಮಂದಿರು. ನಿಜಕ್ಕೂ ಮೂರು ಜೋಡಿ ಅಣ್ಣತಮ್ಮಂದಿರು ಸೇರಿ ಕಟ್ಟಿದ್ದು: ಇಟಲಿಯ ಸೆಕ್ಕಿ ಸಹೋದರರು, ದೆಹಲಿಯ ಸೇಖ್ರಿ ಸಹೋದರರು, ಅಕ್ಲೂಜಿನ ಮೋಹಿತೆ ಪಾಟೀಲರು. ವೈನ್ ಮಾಡಲು ಟಸ್ಕನಿಯಿಂದ ಪಿಯೆರೊ ಮಾಸಿ ಬಂದರು. ಆರು ಜನ ಸಹೋದರರು, ಒಬ್ಬ ವೈನ್ ಗುರು, ಒಟ್ಟು ಏಳು. ಅದಕ್ಕೇ ಅವರ ದೊಡ್ಡ ವೈನ್‌ಗೆ ಸೆತ್ತೆ, ಅಂದರೆ ಏಳು, ಎಂದು ಹೆಸರು. ಸಂಜೊವೇಸೆ ಮತ್ತು ಕ್ಯಾಬರ್ನೆಯ ಬೆರಕೆ ಅದು. ಒಳ್ಳೆಯದೇ. ಆದರೆ ಮನೆಯ ಊಟಕ್ಕೆ ಅವರ ಬರೀ ಸಂಜೊವೇಸೆ ಸಾಕು, ಬೆಲೆಯೂ ಕೈಗೆಟುಕುತ್ತದೆ. ಕ್ರಿಸ್ಮಾದ್ದರ ಪಕ್ಕದಲ್ಲಿಟ್ಟರೆ ಇದು ಸ್ವಲ್ಪ ಸರಳ, ಹಣ್ಣಿನ ಮಾತು ಬೇಗ ಮುಗಿಯುತ್ತದೆ. ಹತ್ತು ಜನರ ಊಟಕ್ಕೆ ಮೂರು ಬಾಟಲಿ ಬೇಕಾದಾಗ ನಾನು ತರುವುದು ಇದನ್ನೇ. ಒಂದು ಬಾಟಲಿಗೆ ಐದು ಲೋಟ ಎಂದು ಲೆಕ್ಕ ಹಾಕಿಕೊಳ್ಳಿ.

ಶಿವಾಜಿನಗರದ ಬಿರಿಯಾನಿಗೂ ದೊನ್ನೆ ಬಿರಿಯಾನಿಗೂ ಬೇರೆ ಬೇರೆ ಬಾಟಲಿ ಬೇಕೇ ಎಂದು ಒಬ್ಬರು ಕೇಳಿದ್ದರು. ಬೇಕು. ಮೊದಲನೆಯದರಲ್ಲಿ ತುಪ್ಪ, ಮಾಂಸದ ಕೊಬ್ಬು ಇರುವುದರಿಂದ ಲಾ ರಿಸರ್ವ್ ನಡೆಯುತ್ತದೆ. ದೊನ್ನೆ ಬಿರಿಯಾನಿಯಲ್ಲಿ ಪುದೀನ, ಕೊತ್ತಂಬರಿಸೊಪ್ಪು, ಹಸಿಮೆಣಸಿನಕಾಯಿಯ ದರ್ಬಾರು. ಅದರ ಹಸಿರು ವಾಸನೆಯ ಮುಂದೆ ಓಕ್ ಪೀಪಾಯಿ ಕಹಿಯಾಗುತ್ತದೆ. ನಿಜ ಹೇಳಬೇಕೆಂದರೆ ಅದಕ್ಕೆ ಕೆಂಪು ವೈನೇ ಬೇಡ, ತಣ್ಣನೆಯ ಬಿಳಿಯದು ಸಾಕು. ಈ ಲೇಖನ ಕೆಂಪಿನದು, ಹಾಗಾಗಿ ಇಲ್ಲಿಗೆ ಬಿಡುತ್ತೇನೆ.

ಮೆಣಸಿಗೆ ಸಿರಾ

ಸಿರಾ ಎಂದರೆ ತುಮಕೂರು ಜಿಲ್ಲೆಯ ಶಿರಾ ಅಲ್ಲ. ಶಿರಾಜ್ ಮತ್ತು ಸಿರಾ ಒಂದೇ ದ್ರಾಕ್ಷಿ. ಫ್ರಾನ್ಸಿನ ಹೆಸರು ಒಂದು, ಆಸ್ಟ್ರೇಲಿಯದ ಹೆಸರು ಇನ್ನೊಂದು. ಕ್ರಿಸ್ಮಾದವರು ಸಿರಾ ಎನ್ನುತ್ತಾರೆ. ಈ ದ್ರಾಕ್ಷಿಯ ಸಿಪ್ಪೆಯಲ್ಲಿ ರೋಟಂಡೋನ್ ಎಂಬ ಒಂದು ವಸ್ತು ಇದೆ ಎಂದು ಆಸ್ಟ್ರೇಲಿಯದ ಸಂಶೋಧಕರು 2008ರಲ್ಲಿ ತೋರಿಸಿಕೊಟ್ಟರು. ಕಾಳುಮೆಣಸಿಗೆ ಮೆಣಸಿನ ವಾಸನೆ ಕೊಡುವುದೂ ಅದೇ. ವೈನ್ ರುಚಿ ನೋಡುವವರು ‘ಮೆಣಸಿನ ಘಮ’ ಎನ್ನುವುದು ಬರೀ ಕವಿತ್ವ ಅಲ್ಲ, ಲೋಟದಲ್ಲಿ ನಿಜಕ್ಕೂ ಇರುವ ವಸ್ತು.

ಹೀಗಿರುವಾಗ ಕೊಡಗಿನ ಪಂದಿ ಕರಿಗೆ ಸಿರಾ ಬಿಟ್ಟು ಬೇರೆ ಹುಡುಕುವುದೇಕೆ? ಹುರಿದ ಮೆಣಸು, ಜೀರಿಗೆ, ಕಾಚಂಪುಳಿಯ ಕಪ್ಪು ಹುಳಿ, ಹಂದಿಯ ಕೊಬ್ಬು. ಕೊಬ್ಬು ಒಗರನ್ನು ನೋಡಿಕೊಳ್ಳುತ್ತದೆ, ಮೆಣಸು ಮೆಣಸನ್ನು ಗುರುತು ಹಿಡಿಯುತ್ತದೆ. ವಿರಾಜಪೇಟೆಯಿಂದ ಬಂದ ನೆಂಟರ ಮನೆಯಲ್ಲಿ ಇದನ್ನು ಮೊದಲ ಸಲ ಒಟ್ಟಿಗೆ ತಿಂದ ದಿನ, ಕಾಚಂಪುಳಿಯ ಹುಳಿ ತಗುಲಿದ ಮೇಲೆ ವೈನ್ ಇದ್ದಕ್ಕಿದ್ದಂತೆ ಸಿಹಿಯಾಯಿತು. ಊಟದ ಹುಳಿ ವೈನ್‌ನ ಹುಳಿಗಿಂತ ಹೆಚ್ಚಾದರೆ ಹಾಗಾಗುತ್ತದೆ. ತೆಳು ವೈನ್ ಆಗಿದ್ದರೆ ಸಪ್ಪೆಯಾಗುತ್ತಿತ್ತು, ಸಿರಾಗೆ ಮೈ ಇರುವುದರಿಂದ ಬಚಾವಾಯಿತು.

ಮಾಂಸ ತಿನ್ನದವರ ಮನೆಯಲ್ಲಿ ಕೆಂಪು ವೈನ್ ಕೆಲಸಕ್ಕೆ ಬಾರದು ಎಂಬ ಮಾತೂ ಕೇಳಿದ್ದೇನೆ. ಬಸವನಗುಡಿಯ ಗೆಳೆಯರೊಬ್ಬರು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಇಟ್ಟು ನನ್ನ ಬಾಯಿ ಮುಚ್ಚಿಸಿದರು. ಕಡಲೆಬೀಜ, ಎಳ್ಳು, ಗುರೆಳ್ಳಿನ ಎಣ್ಣೆಯ ಅಂಶ ಕೊಬ್ಬಿನ ಕೆಲಸವನ್ನೇ ಮಾಡುತ್ತದೆ. ಅಲ್ಲಿ ಅವರು ತೆರೆದದ್ದು ಬಿಗ್ ಬ್ಯಾನಿಯನ್‌ನ ಮೆರ್ಲೊ. ನಮ್ಮ ದೊಡ್ಡ ಆಲದ ಮರದ ಹೆಸರು ಹೊತ್ತ ಬೆಂಗಳೂರಿನ ಬ್ರ್ಯಾಂಡ್ ಇದು, ಪಾಲ್ ಜಾನ್ ಕಟ್ಟಿದ ಜಾನ್ ಡಿಸ್ಟಿಲರೀಸ್‌ನದು. ಮೆರ್ಲೊ ಎಂದರೆ ಒಗರು ಕಡಿಮೆ, ಪ್ಲಮ್ ಹಣ್ಣಿನ ಮೆತ್ತಗಿನ ಗುಣ. ಅಡ್ಡಿಯಿಲ್ಲ. ನಾಸಿಕದ ನಿಫಾಡದ ಪಾಟೀಲ್ ಕುಟುಂಬದ ರೆವೆಯ್ಲೊ ಬಾಟಲಿ ಎಲ್ಲಾದರೂ ಸಿಕ್ಕರೆ, ಅದರಲ್ಲೂ ಸಿಸಿಲಿಯ ನೆರೊ ದಾವೊಲಾ ದ್ರಾಕ್ಷಿಯದ್ದು, ಎಣ್ಣೆಗಾಯಿಗೆ ಅದನ್ನು ಇಟ್ಟು ನೋಡುವ ಆಸೆ ನನಗಿದೆ.

ಅಟ್ಟದ ಮೇಲಿನ ಬಾಟಲಿ

ಸರಿಯಾದ ಬಾಟಲಿ ಆರಿಸಿಯೂ ಹಾಳುಮಾಡಿಕೊಳ್ಳಬಹುದು. ನನಗೆ ಒಬ್ಬರು ಕೊಟ್ಟ ಚೆಂದದ ಕೆಂಪು ವೈನನ್ನು ಹಬ್ಬಕ್ಕೆಂದು ಅಡುಗೆಮನೆಯ ಅಟ್ಟದ ಮೇಲೆ ಎತ್ತಿಟ್ಟಿದ್ದೆ, ಹಪ್ಪಳದ ಡಬ್ಬಿಯ ಪಕ್ಕದಲ್ಲಿ. ಕೆಳಗೆ ಗ್ಯಾಸ್ ಒಲೆ. ಎರಡು ಬೇಸಿಗೆ ಕಳೆದವು. ತೆಗೆದಾಗ ಬಿರಡೆ ಕೂದಲೆಳೆಯಷ್ಟು ಮೇಲೆದ್ದಿತ್ತು, ಕುತ್ತಿಗೆಯ ಹತ್ತಿರ ಅಂಟು ಒಸರಿತ್ತು. ಲೋಟದಲ್ಲಿ ಹಣ್ಣಿನ ಬದಲು ಕುದಿಸಿದ ಒಣದ್ರಾಕ್ಷಿ, ಸೋಯಾ ಸಾಸ್ ವಾಸನೆ. ಕೊಟ್ಟವರಿಗೆ ‘ಬಹಳ ಚೆನ್ನಾಗಿತ್ತು’ ಎಂದು ಹೇಳಿದ ಪಾಪವೂ ನನ್ನ ಲೆಕ್ಕಕ್ಕೇ ಸೇರಿತು.

ಅಂಗಡಿಯಲ್ಲೂ ಇದನ್ನೇ ನೋಡಬೇಕು. ಗಾಜಿನ ಬಾಗಿಲ ಪಕ್ಕ, ಮಧ್ಯಾಹ್ನದ ಬಿಸಿಲು ಬೀಳುವಲ್ಲಿ ನಿಂತ ಬಾಟಲಿ ಯಾವ ಮನೆತನದ್ದಾದರೂ ಬೇಡ. ಹಿಂದಿನ ಚೀಟಿಯಲ್ಲಿ ಕೊಯ್ಲಿನ ವರ್ಷ ಓದಿ. ಸಾಮಾನ್ಯ ಬೆಲೆಯ ಕೆಂಪು ವೈನ್‌ಗೆ ಮೂರು ವರ್ಷ ದಾಟಿದ್ದರೆ ಕೆಳಗಿಡಿ; ಹಳೆಯದಾದಷ್ಟೂ ಒಳ್ಳೆಯದು ಎಂಬ ಗಾದೆ ಎಲ್ಲ ಬಾಟಲಿಗೂ ಹೊಂದುವುದಿಲ್ಲ. ಬಿರಡೆ ಇಲ್ಲದೆ ತಿರುಗಿಸುವ ಮುಚ್ಚಳ ಇದ್ದರೆ ಕೀಳೆಂದು ಮುಖ ತಿರುಗಿಸಬೇಡಿ, ನಮ್ಮ ಸೆಕೆಗೆ ಅದೇ ಕ್ಷೇಮ.

ಇನ್ನು ‘ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು’ ಎಂಬ ಮಾತು. ಆ ಕೋಣೆ ಯುರೋಪಿನ ಕಲ್ಲುಗೋಡೆಯ ಹಳೆಯ ಮನೆಯದು, 16–18 ಡಿಗ್ರಿಯದು. ಏಪ್ರಿಲ್‌ನ ರಾಜಾಜಿನಗರದ ಎರಡನೆಯ ಮಹಡಿಯ ಕೋಣೆಯಲ್ಲ. ಡಿಸೆಂಬರ್ ಬಿಟ್ಟು ಉಳಿದ ಕಾಲದಲ್ಲಿ ಬಾಟಲಿಯನ್ನು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಫ್ರಿಜ್‌ನಲ್ಲಿಡಿ, ಸಂಜೊವೇಸೆಯನ್ನು ಇನ್ನೂ ಸ್ವಲ್ಪ ಹೊತ್ತು. ಬೆಚ್ಚಗಿನ ಕೆಂಪು ವೈನ್‌ನಲ್ಲಿ ಮೂಗಿಗೆ ಹೊಡೆಯುವುದು ಅಮಲು ಮಾತ್ರ. ಕುಡಿದು ಉಳಿದದ್ದನ್ನು ಬಿರಡೆ ಹಾಕಿ ಫ್ರಿಜ್‌ಗೆ ಸೇರಿಸಿದರೆ ಎರಡು ಮೂರು ದಿನ ಬಾಳುತ್ತದೆ. ಆಮೇಲೆ ಮಟನ್ ಸ್ಟ್ಯೂಗೆ ಸುರಿಯಿರಿ.

ನೀಲಿ ದ್ರಾಕ್ಷಿಯ ಸಿಹಿ

ಇಷ್ಟೆಲ್ಲ ಓದಿದ ಮೇಲೂ ‘ನಮಗೆ ಸಿಹಿಯಾದ ಕೆಂಪು ವೈನ್ ಬೇಕು’ ಎನ್ನುವವರು ಇರುತ್ತಾರೆ. ಅವರನ್ನು ನೋಡಿ ನಗುವುದು ಬೇಡ. ಈ ಊರಿನ ನಾಲಿಗೆಗೆ ವೈನ್ ಪರಿಚಯವಾದದ್ದೇ ಹಾಗೆ. ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರದ ಚಪ್ಪರಗಳಲ್ಲಿ ತೂಗುವ ಬೆಂಗಳೂರು ಬ್ಲೂ ದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಬೆರಳಿನಿಂದ ಒತ್ತಿದರೆ ಸಿಪ್ಪೆ ಬಿಟ್ಟು ತಿರುಳು ಚಿಮ್ಮಿ ಬಾಯಿಗೆ ಜಾರುತ್ತದೆ, ಸಿಪ್ಪೆ ಹುಳಿ, ತಿರುಳು ಸಿಹಿ, ವಾಸನೆ ಬೀದಿಯ ತುದಿಗೂ ಬರುತ್ತದೆ. ಮೂಲತಃ ಅಮೆರಿಕದ ತಳಿಯ ಗುಣ ಅದು. ಸಿಹಿಯಿಲ್ಲದ ‘ಒಣ’ ವೈನ್‌ಗೆ ಆ ವಾಸನೆ ಶತ್ರು, ಸಿಹಿ ಪೋರ್ಟ್ ಬಗೆಯ ವೈನ್‌ಗೆ ಅದೇ ಬಂಡವಾಳ. ಫ್ರೇಜರ್ ಟೌನ್, ಕುಕ್ ಟೌನ್‌ನ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಲವಂಗ, ಚಕ್ಕೆ ಹಾಕಿ ಜಾಡಿಯಲ್ಲಿಟ್ಟ ದ್ರಾಕ್ಷಾರಸವನ್ನು ಹಣ್ಣಿನ ಕೇಕ್ ಜೊತೆ ಬೊಗಸೆಗಾತ್ರದ ಲೋಟದಲ್ಲಿ ಕೊಡುತ್ತಾರಲ್ಲ, ಅದರ ಮುಂದೆ ನಿಮ್ಮ ಫ್ರೆಂಚ್ ಓಕ್ ಪೀಪಾಯಿಯನ್ನು ತಂದು ನಿಲ್ಲಿಸಬೇಡಿ. ಆದರೆ ಊಟದ ಜೊತೆ ಅದು ಬೇಡ, ಊಟವಾದ ಮೇಲೆ.

ಮೊನ್ನೆ ಭಾನುವಾರದ ಕರೆಗೆ ಮರಳುತ್ತೇನೆ. ಗೆಳೆಯ ಸಿಟ್ಟು ಇಳಿದ ಮೇಲೆ ಅಡುಗೆ ಹೇಳಿದ: ಮಟನ್ ಚಾಪ್ಸ್, ಕೈಮಾ ಉಂಡೆ ಸಾರು, ಮುದ್ದೆ, ಕೊನೆಗೆ ಹಸಿರು ಸೌತೆಕಾಯಿಯ ಮೊಸರುಬಜ್ಜಿ. ಚಾಪ್ಸ್‌ಗೆ ಲಾ ರಿಸರ್ವ್, ಉಂಡೆ ಸಾರಿಗೆ ಫ್ರಾಟೆಲ್ಲಿಯ ಸಂಜೊವೇಸೆ, ತಲಾ ಒಂದು ತಗೋ ಎಂದೆ. ಎರಡನ್ನೂ ಬುಟ್ಟಿಗೆ ಹಾಕಿಕೊಂಡ ಸದ್ದು ಕೇಳಿಸಿತು. ಆಮೇಲೆ ಮೆಲ್ಲಗೆ, ‘ಅಂದ ಹಾಗೆ ಭಾವ ಬ್ರಾಂದಿ ಬಿಟ್ಟು ಬೇರೇನೂ ಕುಡಿಯುವುದಿಲ್ಲ’ ಎಂದ. ಹಾಗಾದರೆ ಸಂಜೊವೇಸೆ ಒಂದೇ ಸಾಕು, ಲಾ ರಿಸರ್ವ್ ವಾಪಸ್ ಇಡು ಎಂದೆ. ಅವನು ಇಡಲಿಲ್ಲ ಎಂದು ಸೋಮವಾರ ಸಂಜೆ ಅವನ ಮನೆಗೆ ಹೋದಾಗ ಗೊತ್ತಾಯಿತು.